ಒಂದೇ ಕೆರೆಯ ದಂಡೆಯ ಮೇಲೆ ಬುದ್ಧನೂ ಜಿನನೂ

(ನಿಪಾಣಿಯಲ್ಲಿ ತಂಬಾಕಿನ ವಖಾರಿಯ ಕೆಲಸಗಾರರು, ಗಿರಣಿ ಕಾಮಗಾರರು ಹಾಗೂ ಪೇಟೆಯ ಚಿಕ್ಕ ವ್ಯಾಪಾರಿಗಳು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ಬಂದಿದ್ದ ಬಂಧುಗಳ ಕೇಳಿಕೆಯ ಮೇರೆಗೆ ಅಚ್ಚು ಮಾಡಿದೆ.)



ಪಾಳಿ ಮುಗಿಸಿ ಸರಿಯಾಗಿ ಕೈ ತೊಳೆಯಲಿಕ್ಕೂ ಹೊತ್ತಿಲ್ಲದೆ ಇಲ್ಲಿಗೆ ಬಂದವರು ನಿಮ್ಮಲ್ಲಿ ಬಹಳ ಜನರಿದ್ದೀರಿ. ಅಂಗಡಿಯ ಬಾಗಿಲು ಹಾಕಿ, ಕಿರ್ದಿ ಬರೆಯುವದನ್ನು ನಾಳೆಗೆ ಇಟ್ಟು ಬಂದವರೂ ಇದ್ದೀರಿ. ಹೀಗೆ ದಣಿದು ಬಂದವರ ಮುಂದೆ ಎರಡೂವರೆ ಸಾವಿರ ವರ್ಷಗಳ ಹಿಂದಿನ ಮಾತು ತೆಗೆಯಬೇಡ, ಪಗಾರದ ಮಾತಾಡು, ಉದರಿಯ ಮಾತಾಡು ಎಂದು ಗೆಳೆಯರು ಅಂದರು. ಆಡುತ್ತೇನೆ. ಬುದ್ಧ-ಮಹಾವೀರರ ಮಾತಿನಲ್ಲಿಯೆ ಅದೂ ಬರುತ್ತದೆ.

ನಾನು ಮಾಸ್ತರಿಕೆ ಮಾಡುತ್ತಿದ್ದಾಗ ನಡೆದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ. ಇತಿಹಾಸದ ಪುಸ್ತಕದಲ್ಲಿ ಒಂದು ಕಲ್ಲಿನ ಮೂರ್ತಿಯ ಚಿತ್ರವಿತ್ತು. ಅಚ್ಚು ಮಸುಕಾಗಿ ಕೆಳಗಿನ ಹೆಸರು ಓದಲು ಬರುತ್ತಿರಲಿಲ್ಲ. ಪದ್ಮಾಸನ, ಅರೆಮುಚ್ಚಿದ ಕಣ್ಣು, ಮಡಿಲಲ್ಲಿ ಕೈ. ಮುಂದಿನ ಸಾಲಿನ ಹುಡುಗ, "ಗುರುಗಳೇ, ಇವ್ರು ನಮ್ಮ ಮಹಾವೀರ ಸ್ವಾಮಿ ಅದಾರ್ರಿ" ಎಂದ. ಹಿಂದಿನಿಂದ ಇನ್ನೊಬ್ಬ ಎದ್ದು, "ಅಲ್ರೀ ಗುರುಗಳೇ, ಇವ್ರು ನಮ್ಮ ಬುದ್ಧರ್ರಿ, ನಮ್ಮ ಮನ್ಯಾಗ ಇದ ಫೋಟೋ ಐತ್ರಿ" ಎಂದ. ವರ್ಗವೆಲ್ಲ ನಕ್ಕಿತು, ನಾನೂ ನಕ್ಕೆ. ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ನನ್ನ ನಗೆ ಉಳಿಯಲಿಲ್ಲ. ಆ ಇಬ್ಬರು ಹುಡುಗರು ಒಂದೇ ಪಡಸಾಲೆಯ ಎರಡು ತುದಿಗಳಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಹಲವು ತಿಂಗಳಿಂದ ನೋಡುತ್ತಿದ್ದರೂ ನಾನು ಅದನ್ನು ಕಂಡಿರಲಿಲ್ಲ. ಮೂರ್ತಿಗಳಲ್ಲಿ ಗುರುತು ಹತ್ತದಷ್ಟು ಹೋಲಿಕೆ, ಬುತ್ತಿಯ ಗಂಟುಗಳಲ್ಲಿ ಅಷ್ಟು ಅಂತರ. ಇದು ಹೇಗಾಯಿತು ಎಂಬುದನ್ನು ಹುಡುಕುತ್ತ ಹೋದಾಗ ಸಿಕ್ಕ ಸಂಗತಿಗಳೇ ಇಂದಿನ ಭಾಷಣ.

ನಮ್ಮ ಕಾಗವಾಡದಿಂದ ಮಿರಜೆಗೆ ಸೈಕಲ್ಲಿನ ದಾರಿ. ನಡುವೆ ಈಗ ಎರಡು ರಾಜ್ಯಗಳ ಗಡಿ ಇದೆಯಾದರೂ ಎಂಟು ನೂರು, ಒಂಬತ್ತು ನೂರು ವರ್ಷಗಳ ಹಿಂದೆ ಇರಲಿಲ್ಲ. ಆಗ ಕೊಲ್ಲಾಪುರದ ಸೀಮೆಯನ್ನು ಶಿಲಾಹಾರರೆಂಬ ಅರಸರು ಆಳುತ್ತಿದ್ದರು. ಅವರ ಮನೆದೇವತೆ ಕೊಲ್ಲಾಪುರದ ಮಹಾಲಕ್ಷ್ಮಿ. ಅವರಲ್ಲಿ ಗಂಡರಾದಿತ್ಯನೆಂಬವನು ಮಿರಜ ನಾಡಿನ ಇರುಕುಡಿ ಎಂಬ ಊರಲ್ಲಿ ಒಂದು ದೊಡ್ಡ ಕೆರೆ ಕಟ್ಟಿಸಿ ಅದಕ್ಕೆ ತನ್ನ ಹೆಸರಿನಿಂದ ಗಂಡಸಮುದ್ರ ಎಂದು ಹೆಸರಿಟ್ಟ. ಕೆರೆಯ ದಂಡೆಯ ಮೇಲೆ ಮೂರು ಮೂರ್ತಿಗಳನ್ನು ಸ್ಥಾಪಿಸಿದ. ಒಂದು ಈಶ್ವರ, ಒಂದು ಬುದ್ಧ, ಒಂದು ಅರ್ಹಂತ, ಎಂದರೆ ಜಿನ. ಮೂವರ ನಡಾವಳಿಗೂ ಬೇರೆ ಬೇರೆಯಾಗಿ ಭೂಮಿ ಬಿಟ್ಟುಕೊಟ್ಟ. ಇದು ಯಾರೋ ಮುದುಕರು ಕಟ್ಟೆಯ ಮೇಲೆ ಕುಳಿತು ಹೇಳಿದ ಕಥೆಯಲ್ಲ. ಶಕ 1032ರ, ಅಂದರೆ ಕ್ರಿ.ಶ. 1110ರ ತಾಮ್ರಪಟದಲ್ಲಿ ಕೊರೆದಿಟ್ಟ ಲೆಕ್ಕ. ಅದೇ ಅರಸನು ಪ್ರಯಾಗದಲ್ಲಿ ಲಕ್ಷ ಬ್ರಾಹ್ಮಣರಿಗೆ ಊಟ ಹಾಕಿಸಿದನೆಂದೂ ಆಜರೆಯಲ್ಲಿ ಬಸದಿ ಕಟ್ಟಿಸಿದನೆಂದೂ ತಿಳಿದುಬಂದಿದೆ.

ಅರಸರು ಎಲ್ಲರನ್ನೂ ಸಂತೋಷಪಡಿಸುವದು ರಾಜಕಾರಣವೆಂದು ನೀವು ಅಂದೀರಿ. ಇರಬಹುದು. ಚುನಾವಣೆಗೆ ನಿಂತವರು ಇಂದೂ ಮೂರು ಗುಡಿಗೆ ಹೋಗಿ ಮೂರು ತೆಂಗಿನಕಾಯಿ ಒಡೆಯುತ್ತಾರೆ. ಆದರೆ ಸಂತೋಷಪಡಿಸಲು ಜನ ಬೇಕಲ್ಲ! ಬುದ್ಧನಿಗೆ ನಡೆದುಕೊಳ್ಳುವವರು 1110ರಲ್ಲಿ ಮಿರಜ ನಾಡಿನಲ್ಲಿ ಇದ್ದದ್ದರಿಂದಲೆ ಬುದ್ಧನಿಗೆ ಭೂಮಿ ಬಿಡಬೇಕಾಯಿತು. ಅವರೂ ಬಸದಿಯವರೂ ಶಿವಾಲಯದವರೂ ಒಂದೇ ಕೆರೆಗೆ ಇಳಿದು ನೀರು ತುಂಬುತ್ತಿದ್ದರು. ನೀರಿನ ಈ ಮಾತನ್ನು ನೆನಪಿನಲ್ಲಿಡಿರಿ, ಮತ್ತೆ ಬರುತ್ತದೆ.

ಇನ್ನು ಇವರಿಬ್ಬರೂ ಎಲ್ಲಿಯವರು? ಮಹಾವೀರನೂ ಬುದ್ಧನೂ ಹೆಚ್ಚು-ಕಡಿಮೆ ಒಂದೇ ಕಾಲದವರು, ಒಂದೇ ಸೀಮೆಯವರು. ಈಗಿನ ಬಿಹಾರದ ವೈಶಾಲಿ, ರಾಜಗೃಹ, ನಾಲಂದೆಗಳಲ್ಲಿ ಇಬ್ಬರೂ ತಿರುಗಾಡಿದರು. ಇಬ್ಬರೂ ಅರಸುಮನೆತನದಲ್ಲಿ ಹುಟ್ಟಿ ಮನೆ ಬಿಟ್ಟವರು. ಇಂಥವರಿಗೆಲ್ಲ ಆಗ ಶ್ರಮಣರೆಂದು ಹೆಸರು. ಶ್ರಮಣ ಎಂಬ ಮಾತಿನಲ್ಲಿ ಶ್ರಮವಿದೆ ನೋಡಿರಿ. ಮಂತ್ರ ಹೇಳಿಸಿ, ಬೆಂಕಿಯಲ್ಲಿ ತುಪ್ಪ ಸುರುವಿ, ಪಶುವನ್ನು ಬಲಿಕೊಟ್ಟು ಮುಕ್ತಿಯನ್ನು ಇನ್ನೊಬ್ಬರ ಕೈಯಿಂದ ಪಡೆಯಲು ಬರುವದಿಲ್ಲ. ತನ್ನ ಮೈಮುರಿದು ತಾನೇ ದುಡಿಯಬೇಕು ಎಂಬುದು ಇಬ್ಬರ ಮಾತೂ ಹೌದು. ಜಗತ್ತನ್ನು ಮಾಡಿದ ಒಡೆಯನೊಬ್ಬ ಮೇಲೆ ಕುಳಿತಿದ್ದಾನೆಂಬುದನ್ನು ಇಬ್ಬರೂ ಒಪ್ಪಲಿಲ್ಲ. ಮಾಡಿದ್ದನ್ನು ಉಣ್ಣಬೇಕೆಂಬ ಕರ್ಮದ ನಿಯಮವನ್ನು ಇಬ್ಬರೂ ಒಪ್ಪಿದರು. ಪಂಡಿತರ ಸಂಸ್ಕೃತವನ್ನು ಬದಿಗಿಟ್ಟು ಒಕ್ಕಲಿಗರಿಗೂ ಕುಂಬಾರರಿಗೂ ತಿಳಿಯುವ ಆಡುಮಾತಿನಲ್ಲಿ ಇಬ್ಬರೂ ಹೇಳಿದರು. ಅವರ ಮಾತು ಒಬ್ಬರ ಕಡೆ ಪಾಳಿಯಲ್ಲಿ, ಇನ್ನೊಬ್ಬರ ಕಡೆ ಅರ್ಧಮಾಗಧಿಯಲ್ಲಿ ಉಳಿದುಬಂದವು. ಹೆಂಗಸರಿಗೆ ಸಂಘದ ಬಾಗಿಲು ತೆರೆದರು. ಮಳೆಗಾಲದಲ್ಲಿ ಹುಳುಹುಪ್ಪಡಿ ಕಾಲಿಗೆ ಸಿಕ್ಕೀತೆಂದು ಒಂದೇ ಕಡೆ ನಿಲ್ಲುವ ಪದ್ಧತಿಯೂ ಇಬ್ಬರ ಸಾಧುಗಳಲ್ಲಿ ಇದೆ. ನಮ್ಮೂರ ಕಡೆ ಮುನಿಗಳ ಚಾತುರ್ಮಾಸ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭೇದವಿಲ್ಲವೆಂದಲ್ಲ. ಪ್ರತಿ ಜೀವಿಯಲ್ಲಿಯೂ ನಾಶವಾಗದ ಆತ್ಮವಿದೆ ಎಂದು ಜೈನರು. ಅಂಥ ಗಟ್ಟಿಯಾದದ್ದು ಯಾವದೂ ಇಲ್ಲ, ಎಲ್ಲವೂ ಹರಿಯುವ ನೀರಿನಂತೆ ಎಂದು ಬೌದ್ಧರು. ಮೈಯನ್ನು ತಪಸ್ಸಿನಿಂದ ದಂಡಿಸಿ ಕರ್ಮವನ್ನು ಉದುರಿಸಬೇಕೆಂದು ಮಹಾವೀರ. ಆರು ವರ್ಷ ದಂಡಿಸಿ ನೋಡಿದೆ, ಫಲವಿಲ್ಲ, ನಡುವಿನ ದಾರಿಯೇ ಸರಿ ಎಂದು ಬುದ್ಧ. ಇದು ಪಂಡಿತರು ಸಾವಿರ ವರ್ಷ ಕಾದಾಡಿದ ವಿಷಯ. ಇಂದು ರಾತ್ರಿ ನಾನು ಅದನ್ನು ತೀರ್ಮಾನಿಸಲು ಹೋಗುವದಿಲ್ಲ.

ಆದರೆ ಒಂದು ವಾದವನ್ನು ಮಾತ್ರ ಹೇಳಲೇಬೇಕು. ನಾಲಂದೆಯಲ್ಲಿ ಉಪಾಲಿ ಎಂಬ ದೊಡ್ಡ ಸಾವುಕಾರನಿದ್ದ, ಮಹಾವೀರನ ಭಕ್ತ. ಪಾಪದಲ್ಲಿ ಯಾವದು ದೊಡ್ಡದು, ಕೈಯಿಂದ ಆದದ್ದೋ ಮನಸ್ಸಿನಿಂದ ಆದದ್ದೋ ಎಂಬ ಪ್ರಶ್ನೆ ಎದ್ದಿತು. ಕೈಯಿಂದ ಆದದ್ದೇ ದೊಡ್ಡದೆಂದು ವಾದಿಸಲು ಉಪಾಲಿ ಬುದ್ಧನಲ್ಲಿಗೆ ಹೋದ. ಬುದ್ಧ ಕೇಳಿದ: ನೋಡಿ ನೋಡಿ ಹೆಜ್ಜೆ ಇಡುವ ಮುನಿಯ ಕಾಲಿಗೂ ಸಣ್ಣ ಜೀವಿಗಳು ಸಿಕ್ಕಿ ಸಾಯುತ್ತವಲ್ಲ, ಮನಸ್ಸಿನಲ್ಲಿ ಇಲ್ಲದ್ದು ಅಷ್ಟು ದೊಡ್ಡ ಪಾಪವೆ? ಉಪಾಲಿ ಸೋತ, ಬುದ್ಧನ ಉಪಾಸಕನಾಗುತ್ತೇನೆ ಎಂದ. ಆಗ ಬುದ್ಧ ಹೇಳಿದ್ದನ್ನು ಕೇಳಿರಿ. ಅವಸರ ಮಾಡಬೇಡ, ವಿಚಾರ ಮಾಡು ಎಂದ. ನಿನ್ನ ಮನೆ ಬಹಳ ಕಾಲದಿಂದ ಆ ನಿರ್ಗ್ರಂಥ ಮುನಿಗಳಿಗೆ ಬಾವಿಯ ಹಾಗೆ ಇದೆ, ಅವರು ಬಂದರೆ ಭಿಕ್ಷೆ ಕೊಡುವದನ್ನು ನಿಲ್ಲಿಸಬೇಡ ಎಂದ. ಮತ್ತೆ ನೀರಿನ ಮಾತೇ ಬಂತು.

ಈ ಕಥೆ ಬೌದ್ಧರ ಗ್ರಂಥದ್ದು, ಅದಕ್ಕೆ ಅದರಲ್ಲಿ ಬುದ್ಧನೇ ಗೆಲ್ಲುತ್ತಾನೆ. ಜೈನರ ಕಥೆಗಳಲ್ಲಿ ಬೌದ್ಧರು ಸೋಲುತ್ತಾರೆ. ಅವರವರ ಪುಸ್ತಕ, ಅವರವರ ಗೆಲುವು. ನಿಜಕ್ಕೂ ಇಬ್ಬರ ನಡುವೆ ಅಷ್ಟು ದೂರವಿರಲಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವನ್ನು ದಿಗಂಬರರೂ ಶ್ವೇತಾಂಬರರೂ ಇಬ್ಬರೂ ತಲೆಯ ಮೇಲೆ ಹೊತ್ತಿದ್ದಾರೆ. ಅದರಲ್ಲಿ ಹಿಂಸೆ ಎಂದರೇನೆಂದು ಹೇಳುವಾಗ ಪ್ರಾಣ ತೆಗೆಯುವದು ಎಂದಷ್ಟೇ ಹೇಳಿಲ್ಲ. ಪ್ರಮಾದದಿಂದ, ಎಂದರೆ ರಾಗದ್ವೇಷ ತುಂಬಿದ ಎಚ್ಚರಗೇಡಿತನದಿಂದ ತೆಗೆಯುವದು ಎಂದು ಹೇಳಿದೆ. ಮನಸ್ಸು ಅಲ್ಲಿಯೂ ಬಂತು. ನಮ್ಮ ಅಥಣಿಯಲ್ಲಿ ಸತ್ತ ದನದ ಚರ್ಮದಿಂದ ಚಪ್ಪಲಿ ಹೊಲಿಯುವ ಅಣ್ಣನನ್ನು, ಚರ್ಮ ಮುಟ್ಟಿದವನು ಎಂದು ಅಹಿಂಸೆಯ ಹೆಸರಿನಿಂದ ದೂರ ಇಡುವವರಿದ್ದಾರೆ. ಅವನು ಯಾವ ಜೀವವನ್ನು ಕೊಂದ? ಯಾರ ಮೇಲೆ ಅವನಿಗೆ ದ್ವೇಷ? ಬುದ್ಧನನ್ನು ಕೇಳಿದರೂ ಉಮಾಸ್ವಾತಿಯನ್ನು ಕೇಳಿದರೂ ಆ ಅಣ್ಣನ ಮೇಲೆ ದೋಷ ಹೊರಿಸಲು ಬರುವದಿಲ್ಲ.

ಪಗಾರದ ಮಾತು ಆಡುತ್ತೇನೆಂದು ಹೇಳಿದ್ದೆ. ಅದೇ ತತ್ತ್ವಾರ್ಥಸೂತ್ರವು ಗೃಹಸ್ಥನ ಅಹಿಂಸಾವ್ರತ ಯಾವುದರಿಂದ ಕೆಡುತ್ತದೆ ಎಂದು ಐದು ತಪ್ಪುಗಳನ್ನು ಎಣಿಸುತ್ತದೆ. ಕಟ್ಟಿಹಾಕುವದು, ಹೊಡೆಯುವದು, ಅಂಗ ಕತ್ತರಿಸುವದು ಮೂರು. ನಾಲ್ಕನೆಯದು ತಾಳಲಾರದಷ್ಟು ಭಾರ ಹೇರುವದು. ಐದನೆಯದು ಅನ್ನ-ನೀರು ತಡೆಯುವದು. ಇದನ್ನು ದನಕರುಗಳಿಗೆ ಮಾತ್ರ ಹೇಳಿದ್ದೆಂದು ಪಾಠ ಹೇಳುವವರನ್ನು ನಾನು ಕೇಳಿದ್ದೇನೆ. ಎತ್ತಿನ ಮೇಲೆ ಹೆಚ್ಚು ಹೇರಿದರೆ ವ್ರತಭಂಗ, ಹಮಾಲನ ಬೆನ್ನ ಮೇಲೆ ಹೇರಿದರೆ ಇಲ್ಲವೆ? ಇನ್ನು ಕಳ್ಳತನ ಮಾಡದಿರುವ ವ್ರತ. ಅದು ಕೆಡುವ ಬಗೆಗಳಲ್ಲಿ ಕದ್ದ ಮಾಲು ಕೊಳ್ಳುವದು, ಕೊಡುವಾಗ ಒಂದು ತೂಕ, ಕೊಳ್ಳುವಾಗ ಇನ್ನೊಂದು ತೂಕ ಇಡುವದು, ಒಳ್ಳೆಯದರಲ್ಲಿ ಕೆಟ್ಟದ್ದನ್ನು ಬೆರೆಸಿ ಮಾರುವದು ಎಲ್ಲ ಬಂದಿವೆ. ತಕ್ಕಡಿ ಹಿಡಿಯುವ ನನ್ನ ಅಣ್ಣಗಳು ನಗುತ್ತಿದ್ದೀರಿ! ತಂಬಾಕು ತಂದ ರೈತನೂ ಎಲೆ ಎಣಿಸಿ ಬೀಡಿ ಕಟ್ಟಿ ತಂದ ತಾಯಿಯೂ ಆ ತೂಕದ, ಆ ಎಣಿಕೆಯ ಮುಂದೆಯೆ ನಿಂತಿರುತ್ತಾರೆ.

ಬುದ್ಧನ ಕಡೆಗೆ ಬನ್ನಿರಿ. ಸಿಗಾಲನೆಂಬ ಗೃಹಸ್ಥನ ಮಗ ದಿನಾಲು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೆ ಕೈಮುಗಿಯುತ್ತಿದ್ದ. ತಂದೆ ಸಾಯುವಾಗ ಹೇಳಿದ್ದನಂತೆ, ಯಾಕೆಂದು ಇವನಿಗೆ ಗೊತ್ತಿಲ್ಲ. ಬುದ್ಧ ಅವನಿಗೆ ಆ ದಿಕ್ಕುಗಳ ಅರ್ಥ ಹೇಳಿಕೊಟ್ಟ: ತಂದೆತಾಯಿ ಒಂದು ದಿಕ್ಕು, ಗುರು ಒಂದು ದಿಕ್ಕು, ಹೀಗೆ. ಕೆಳಗಿನ ದಿಕ್ಕು ಯಾರು? ಆಳುಗಳು, ಕೆಲಸಗಾರರು. ಅವರನ್ನು ಪೂಜಿಸುವ ಬಗೆ ಐದು: ಅವರ ಶಕ್ತಿಗೆ ತಕ್ಕಷ್ಟೇ ಕೆಲಸ ಹಚ್ಚುವದು, ಊಟ ಮತ್ತು ಕೂಲಿ ಕೊಡುವದು, ಬೇನೆ ಬಂದರೆ ಆರೈಕೆ ಮಾಡುವದು, ಮನೆಯಲ್ಲಿ ರುಚಿಯಾದದ್ದು ಮಾಡಿದಾಗ ಅವರಿಗೂ ಹಂಚುವದು, ಹೊತ್ತಿಗೆ ಸರಿಯಾಗಿ ಕೆಲಸದಿಂದ ಬಿಡುವದು. ಕೈಮುಗಿಯುವದನ್ನು ನಿಲ್ಲಿಸೆಂದು ಬುದ್ಧ ಹೇಳಲಿಲ್ಲ, ಯಾವ ಕಡೆಗೆ ಮುಗಿಯಬೇಕೆಂದು ತೋರಿಸಿದ. ಕೆಲಸಗಾರರೂ ಕೊಡದ್ದನ್ನು ಮುಟ್ಟಬಾರದು, ಕೆಲಸವನ್ನು ಚೆನ್ನಾಗಿ ಮಾಡಬೇಕು ಎಂದು ಅಲ್ಲಿಯೇ ಹೇಳಿದೆ. ಅದನ್ನು ಮುಚ್ಚಿಟ್ಟು ಅರ್ಧವನ್ನೆ ನಿಮಗೆ ಹೇಳಿದರೆ ನಾನು ಆ ಎರಡು ತೂಕದವನೇ ಆದೇನು.

ಉಪಾಸಕರು ಮಾಡಬಾರದ ವ್ಯಾಪಾರಗಳನ್ನೂ ಬುದ್ಧ ಹೇಳಿದ್ದಾನೆ: ಆಯುಧ, ಪ್ರಾಣಿಗಳು, ಮಾಂಸ, ಮದ್ಯ, ವಿಷ. ತಂಬಾಕಿನ ಬಗ್ಗೆ ಏನೂ ಇಲ್ಲ. ಅದು ಪೋರ್ತುಗೀಜರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದದ್ದು. ನಿಪಾಣಿಯ ಪುಣ್ಯ!

ಇನ್ನು ಜಾತಿಯ ಮಾತು. ಬುದ್ಧನ ಸಂಘದಲ್ಲಿ ಬಾಡಿದ ಹೂವು ಗುಡಿಸುವ ಸುನೀತನೆಂಬವನು ಭಿಕ್ಷುವಾಗಿ ದೊಡ್ಡವನಾದ. ಇದು ಈಗ ಬಹಳ ಜನರಿಗೆ ಗೊತ್ತು. ಜೈನರಲ್ಲಿಯೂ ಇದೆ ಎಂಬುದು ಅಷ್ಟು ಗೊತ್ತಿಲ್ಲ. ನಮ್ಮ ಕಡೆಯ ದಿಗಂಬರ ಶ್ರಾವಕರ ಪಾಠಶಾಲೆಗಳಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕವನ್ನು ಓದಿಸುತ್ತಾರೆ. ಸರಿಯಾದ ಶ್ರದ್ಧೆಯಿದ್ದರೆ ಹೊಲೆಯರ ಮನೆಯಲ್ಲಿ ಹುಟ್ಟಿದವನೂ ದೇವರಿಗೆ ಸಮಾನ ಎಂಬ ಅರ್ಥದ ಮಾತು ಅದರಲ್ಲಿದೆ. ಬೂದಿ ಮುಚ್ಚಿದ ಕೆಂಡಕ್ಕೆ ಅವನನ್ನು ಹೋಲಿಸಿದ್ದಾರೆ. ಅಹಿಂಸಾವ್ರತವನ್ನು ಪಾಲಿಸಿದವರಿಗೆ ಉದಾಹರಣೆ ಕೊಡಬೇಕಾದಾಗ ಆಚಾರ್ಯರು ಯಾವ ಶ್ರೇಷ್ಠಿಯನ್ನೂ ಹೆಸರಿಸಲಿಲ್ಲ, ಒಬ್ಬ ಮಾತಂಗನನ್ನು ಹೆಸರಿಸಿದರು. ಅವನೇ ಯಮಪಾಲ. ಗಲ್ಲಿಗೆ ಹಾಕುವದೇ ಅವನ ಉದ್ಯೋಗ. ಆದರೂ ಚತುರ್ದಶಿಯ ದಿನ ಕೊಲ್ಲುವದಿಲ್ಲವೆಂದು ವ್ರತ ಹಿಡಿದು ಅರಸನ ಅಪ್ಪಣೆಯನ್ನೆ ಮೀರಿದನೆಂದು ಕಥೆ.

ಕನ್ನಡ ನಾಡಿಗೆ ಈ ಎರಡು ದಾರಿಗಳು ಹೆಚ್ಚು-ಕಡಿಮೆ ಕೂಡಿಯೇ ಬಂದವು. ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನ ಸಂಗಡ ಶ್ರವಣಬೆಳಗೊಳಕ್ಕೆ ಬಂದು ಅಲ್ಲಿ ಅನ್ನ ಬಿಟ್ಟು ದೇಹ ಇಟ್ಟನೆಂದು ಜೈನ ಪರಂಪರೆ ಹೇಳುತ್ತದೆ. ಅವನ ಮೊಮ್ಮಗ ಅಶೋಕ ಬೌದ್ಧನಾದ. ಅಜ್ಜ ಒಂದು ದಾರಿ, ಮೊಮ್ಮಗ ಇನ್ನೊಂದು ದಾರಿ. ಆದರೂ ಅಶೋಕನು ತನ್ನ ಶಾಸನಗಳಲ್ಲಿ ನಿರ್ಗ್ರಂಥರನ್ನೂ ನೋಡಿಕೊಳ್ಳಲು ಅಧಿಕಾರಿಗಳನ್ನು ನೇಮಿಸಿದ್ದನ್ನು ಹೇಳಿದ್ದಾನೆ, ಇನ್ನೊಬ್ಬರ ಮತವನ್ನು ಹಳಿದವನು ತನ್ನ ಮತಕ್ಕೇ ಕೇಡು ಮಾಡುತ್ತಾನೆಂದೂ ಕೊರೆಸಿದ್ದಾನೆ. ಅಶೋಕನೆಂಬ ಹೆಸರನ್ನೆ ಬರೆದಿದ್ದ ಶಾಸನವು 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರೊಬ್ಬರ ಕಣ್ಣಿಗೆ ಬಿದ್ದಿತು. ಭೀಮೆಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯೊಳಗೆ ಇನ್ನೊಂದು ಸಿಕ್ಕಿತು. ಅದರ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಹೊರಬಂತು, ಅದರ ಕಲ್ಲಿನಲ್ಲಿ ರಾಣಿಯ ಸಂಗಡ ನಿಂತ ಅರಸನ ಚಿತ್ರ, ಅದರ ಮೇಲೆ ರಾಯ ಅಶೋಕ ಎಂಬ ಬರಹ. ನಮ್ಮ ಕೃಷ್ಣೆಯನ್ನೆ ನೋಡಿರಿ. ಮೇಲೆ ಕರಾಡದ ಹತ್ತಿರ ಬೌದ್ಧರ ಗವಿಗಳು, ಕೆಳಗೆ ನಾಗಾರ್ಜುನಕೊಂಡ, ಅಮರಾವತಿ. ನಡುವೆ ನಾವು. ಇದೇ ಸೀಮೆಯಲ್ಲಿ ಮುಂದೆ ಸವದತ್ತಿಯ ರಟ್ಟರು ಬಂದು ಬಸದಿಗಳಿಗೆ ದಾನ ಕೊಟ್ಟರು. ಬೆಳಗಾವಿ ಕೋಟೆಯ ಕಮಲ ಬಸದಿಯನ್ನು ಅವರ ಮಂತ್ರಿ ಬೀಚಣನು 1204ರಲ್ಲಿ ಕಟ್ಟಿಸಿದ.

ಪೇಟೆಯವರಿಗೆ ಒಂದು ವಿಶೇಷ ಮಾತು. ಗದಗ ಸೀಮೆಯ ಡಂಬಳಕ್ಕೆ ಹಿಂದೆ ಧರ್ಮವೊಳಲೆಂದು ಹೆಸರು. 1095ರ ಶಾಸನವೊಂದು ಅಲ್ಲಿ ಇದೆ. ಅಲ್ಲಿಯ ಬುದ್ಧವಿಹಾರವನ್ನು ಕಟ್ಟಿಸಿದವರು ಅರಸರಲ್ಲ, ಹದಿನಾರು ಮಂದಿ ಸೆಟ್ಟರು. ತಾರಾದೇವಿಯ ವಿಹಾರವನ್ನು ಕಟ್ಟಿಸಿದವನು ಲಕ್ಕುಂಡಿಯ ಒಬ್ಬ ಸೆಟ್ಟಿ. ಅದೇ ಲಕ್ಕುಂಡಿಯಲ್ಲಿ ಅದಕ್ಕೂ ಮುಂಚೆ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದಳು. ಒಂದೇ ಊರಿನ ಪೇಟೆಯ ಹಣ ಎರಡೂ ಕಡೆ ಹೋಗುತ್ತಿತ್ತು.

ಈಗ ಆ ಹುಡುಗರ ಚಿತ್ರಕ್ಕೆ ಬರೋಣ. ಗುರುತು ಹಿಡಿಯುವದು ಹೇಗೆ? ಬುದ್ಧನ ಮೈಮೇಲೆ ಬಟ್ಟೆಯ ಗೆರೆ ಇರುತ್ತದೆ. ಹೆಗಲಿನಿಂದ ಎದೆಗೆ ಅಡ್ಡವಾಗಿ ಬಂದದ್ದನ್ನು ಬೆರಳಾಡಿಸಿದರೆ ತಿಳಿಯುತ್ತದೆ. ನಮ್ಮ ಕಡೆಯ ಜಿನಮೂರ್ತಿ ದಿಗಂಬರ. ಬುದ್ಧನ ಕೈ ಹಲವು ಸಲ ಏನಾದರೂ ಹೇಳುತ್ತಿರುತ್ತದೆ: ನೆಲ ಮುಟ್ಟಿ ಸಾಕ್ಷಿ ಕರೆಯುತ್ತದೆ, ಎತ್ತಿ ಅಭಯ ಕೊಡುತ್ತದೆ. ಕುಳಿತ ಜಿನನ ಕೈಗಳು ಮಡಿಲಲ್ಲಿ ಸುಮ್ಮನಿರುತ್ತವೆ, ನಿಂತರೆ ತೋಳು ಮೈಗೆ ತಾಕದಂತೆ ನೇರ ಇಳಿದಿರುತ್ತವೆ. ತಲೆಯ ಮೇಲೆ ಮುಕ್ಕೊಡೆ, ಪೀಠದಲ್ಲಿ ಸಿಂಹ, ಎತ್ತು ಮೊದಲಾದ ಲಾಂಛನ ಕಂಡರೆ ಜಿನನೆಂದು ತಿಳಿಯಿರಿ. ಹಾವಿನ ಹೆಡೆ ಕಂಡರೆ ಮಾತ್ರ ಅವಸರ ಮಾಡಬೇಡಿರಿ. ಬಿರುಮಳೆಯಲ್ಲಿ ಧ್ಯಾನಕ್ಕೆ ಕುಳಿತ ಬುದ್ಧನಿಗೆ ಮುಚಲಿಂದನೆಂಬ ನಾಗರಾಜ ಹೆಡೆ ಹಿಡಿದ; ಕಮಠನು ಸುರಿಸಿದ ಮಳೆ-ಕಲ್ಲುಗಳಲ್ಲಿ ನಿಂತ ಪಾರ್ಶ್ವನಾಥನಿಗೆ ಧರಣೇಂದ್ರ ಹೆಡೆ ಹಿಡಿದ. ಮಳೆ, ಹಾವು, ಅಲುಗಾಡದ ಮನುಷ್ಯ. ಯಾರ ಮನೆಯಿಂದ ಯಾರ ಮನೆಗೆ ಕಥೆ ಹೋಯಿತೋ, ಇಬ್ಬರೂ ಇನ್ನೂ ಹಳೆಯ ಒಂದು ಮನೆಯಿಂದ ತಂದರೋ! ಕೆತ್ತುವ ಕೈಯಂತೂ ಒಂದೇ ಕೇರಿಯದು. ಇಂದು ಬಸದಿಯ ಕೆಲಸ, ನಾಳೆ ವಿಹಾರದ ಕೆಲಸ. ಉಳಿ ಅದೇ, ಕೂಲಿಯೂ ಅಷ್ಟೇ.

ಐಹೊಳೆಯ ಮೇಗುತಿ ಗುಡ್ಡವನ್ನು ನೋಡಿದವರು ಎಷ್ಟು ಜನ? ಕೈ ಎತ್ತಿರಿ. ಕಡಿಮೆ ಇದ್ದೀರಿ. ಮೆಟ್ಟಿಲು ಹತ್ತುವಾಗ ತುದಿಗಿಂತ ಸ್ವಲ್ಪ ಕೆಳಗೆ ಬಂಡೆಗೆ ಒರಗಿದಂತೆ ಎರಡು ಅಂತಸ್ತಿನ ಒಂದು ಕಟ್ಟಡ ಸಿಗುತ್ತದೆ. ಮೇಲಿನ ಪಡಸಾಲೆಯಲ್ಲಿ ತಲೆ ಎತ್ತಿದರೆ ಛಾವಣಿಯ ಕಲ್ಲಿನಲ್ಲಿ ಬುದ್ಧ ಕುಳಿತಿದ್ದಾನೆ. ಅಲ್ಲಿಂದ ಇನ್ನಷ್ಟು ಹತ್ತಿದರೆ ತುದಿಯಲ್ಲಿ ಮೇಗುತಿಯ ಬಸದಿ. ಅದನ್ನು 634ರಲ್ಲಿ ರವಿಕೀರ್ತಿ ಕಟ್ಟಿಸಿದ, ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ಹೇಳುವ ಪ್ರಸಿದ್ಧ ಶಾಸನ ಅದರ ಗೋಡೆಯ ಮೇಲಿದೆ. ಒಂದೇ ಗುಡ್ಡ, ಒಂದೇ ಮೆಟ್ಟ, ಒಂದೇ ಬಗೆಯ ಕಲ್ಲು.

ಹಾಗಾದರೆ ಬುದ್ಧ ಎಲ್ಲಿ ಹೋದ? ಇಬ್ಬರೂ ಪ್ರೀತಿಯಿಂದಲೇ ಇದ್ದರೆಂದು ನಾನು ಹೇಳುವದಿಲ್ಲ. ಜೈನರ ಅಕಲಂಕ-ನಿಕಲಂಕರ ಕಥೆಯಲ್ಲಿ ಬೌದ್ಧರ ಕೈಯಿಂದ ನಿಕಲಂಕ ಸಾಯುತ್ತಾನೆ, ಅಕಲಂಕ ಬೌದ್ಧರನ್ನು ವಾದದಲ್ಲಿ ಸೋಲಿಸಿ ಓಡಿಸುತ್ತಾನೆ. ಅಣ್ಣತಮ್ಮಂದಿರ ಜಗಳ ದಾಯಾದಿಗಳ ಜಗಳವಾಯಿತು. ಆದರೆ ಬೌದ್ಧರು ನಮ್ಮ ಸೀಮೆಯಲ್ಲಿ ಕರಗಿಹೋಗಲು ಅದೊಂದೇ ಕಾರಣವಲ್ಲ. ನನಗೆ ತೋರುವದು ಇಷ್ಟು: ಬೌದ್ಧರ ಬಾಳು ವಿಹಾರದಲ್ಲಿತ್ತು, ವಿಹಾರದ ಬಾಳು ಅರಸರ ಹಾಗೂ ದೂರ ವ್ಯಾಪಾರದ ಸೆಟ್ಟರ ದಾನದಲ್ಲಿತ್ತು. ದಾನ ಬೇರೆ ಕಡೆ ತಿರುಗಿತು, ವಿಹಾರ ಬಿದ್ದಿತು, ಹಿಂದೆ ಯಾರೂ ಉಳಿಯಲಿಲ್ಲ. ಜೈನರು ಹೊಲದಲ್ಲಿದ್ದರು. ನಮ್ಮ ಸೀಮೆಯ ಜೈನ ಎಂದರೆ ಬರೀ ಬಡ್ಡಿವ್ಯವಹಾರದವನು ಎಂದು ತಿಳಿದವರು ಭೋಜಕ್ಕೆ, ಸದಲಗೆಗೆ, ಶೇಡಬಾಳಕ್ಕೆ ಬಂದು ನೋಡಲಿ. ನೇಗಿಲು ಹಿಡಿದ ಚತುರ್ಥ ಜೈನರ ಮನೆಗಳು ಅವು. ಬಸದಿಗೆ ಬರಬೇಕಾದ ಕಾಳು ಹೊಲದಿಂದಲೆ ಬರುತ್ತಿತ್ತು. ಅದಕ್ಕೆ ಬಸದಿ ಉಳಿಯಿತು. ಕರ್ನಾಟಕದಲ್ಲಿ ಅತಿ ಹೆಚ್ಚು ಜೈನರಿರುವ ಜಿಲ್ಲೆ ಇಂದಿಗೂ ನಮ್ಮ ಬೆಳಗಾವಿಯೇ.

ಈ ಹೊಲಗಳಿಂದ ದೊಡ್ಡವರು ಬಂದರು. ಪ್ರಾಕೃತ ಗ್ರಂಥಗಳನ್ನು ಶೋಧಿಸಿ ಜಗತ್ತಿನ ಪಂಡಿತರೆಲ್ಲ ತಲೆದೂಗುವಂತೆ ಅಚ್ಚು ಹಾಕಿಸಿದ ಡಾ. ಆ. ನೇ. ಉಪಾಧ್ಯೆ 1906ರಲ್ಲಿ ಸದಲಗೆಯಲ್ಲಿ ಹುಟ್ಟಿದವರು. ಅದೇ ಸದಲಗೆಯಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರುವರಿಯಲ್ಲಿ ದೂರದ ಡೊಂಗರಗಢದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ನಮ್ಮ ತವಂದಿ ಘಾಟಿನ ಸ್ತವನಿಧಿಯಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿ, ಒಕ್ಕಲಿಗ ಜೈನರ ಮಕ್ಕಳಿಗೆ ಬೋರ್ಡಿಂಗುಗಳನ್ನು ತೆರೆಯಿತು. ಭೋಜದ ಪಾಟೀಲರ ಮನೆಯ ಮಗ ಆಚಾರ್ಯ ಶಾಂತಿಸಾಗರರು, ನಿಂತುಹೋದಂತಾಗಿದ್ದ ದಿಗಂಬರ ಮುನಿಗಳ ಸಂಚಾರವನ್ನು ದೇಶದ ತುಂಬ ಮತ್ತೆ ನಡೆಸಿದರು.

ಇಲ್ಲಿ ಒಂದು ಕಷ್ಟದ ಮಾತು ಇದೆ, ಹೇಳದೆ ಹೋಗಲಾರೆ. 1947ರಲ್ಲಿ ಮುಂಬಯಿ ಸರಕಾರವು ಹರಿಜನರಿಗೆ ದೇವಾಲಯ ಪ್ರವೇಶದ ಕಾಯದೆ ಮಾಡಿತು. ಅದರಲ್ಲಿ ಹಿಂದುಗಳೆಂದರೆ ಜೈನರೂ ಸೇರಿದರೆಂದು ಬರೆದಿತ್ತು. ಆಚಾರ್ಯರು ಇದನ್ನು ಒಪ್ಪದೆ ಧಾನ್ಯದ ಆಹಾರವನ್ನೆ ಬಿಟ್ಟರು. 1951ರಲ್ಲಿ ಮುಂಬಯಿ ಹೈಕೋರ್ಟು ಆ ಕಾಯದೆಯಿಂದ ಜೈನ ಬಸದಿಗಳಲ್ಲಿ ಪ್ರವೇಶದ ಹಕ್ಕು ಹುಟ್ಟುವದಿಲ್ಲವೆಂದು ಹೇಳುವವರೆಗೆ ಧಾನ್ಯ ಮುಟ್ಟಲಿಲ್ಲ. ಜೈನಧರ್ಮ ಬೇರೆ ಧರ್ಮ, ಅದನ್ನು ಹಿಂದುಗಳಲ್ಲಿ ಎಣಿಸಬಾರದು ಎಂಬುದು ಅವರ ಪಕ್ಷದ ವಾದ. ಆ ವಾದದಲ್ಲಿ ಹುರುಳಿತ್ತು. 1955ರಲ್ಲಿ ಕುಂಥಲಗಿರಿಯಲ್ಲಿ ಮೂವತ್ತಕ್ಕೂ ಹೆಚ್ಚು ದಿನ ಅನ್ನ ಬಿಟ್ಟು ಶಾಂತವಾಗಿ ದೇಹ ಇಟ್ಟ ಆ ತಪಸ್ವಿಯ ಬಗ್ಗೆ ಹಗುರಾಗಿ ಮಾತಾಡುವ ಯೋಗ್ಯತೆ ನನಗಿಲ್ಲ. ಆದರೂ ಕೇಳುತ್ತೇನೆ: ಬೇರೆ ಧರ್ಮ ಹೌದು, ಆ ಧರ್ಮದಲ್ಲಿ ಯಮಪಾಲನಿಗೆ ಸ್ಥಳ ಇತ್ತಲ್ಲ?

ಇದೇ ನಿಪಾಣಿಯಲ್ಲಿ 1925ರ ಏಪ್ರಿಲದಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ಕೂಡಿತ್ತು. ಡಾ. ಅಂಬೇಡ್ಕರರು ಬಂದು ಅಧ್ಯಕ್ಷತೆ ವಹಿಸಿದ್ದರು. ಎರಡು ವರ್ಷದ ಮೇಲೆ, 1927ರಲ್ಲಿ, ಅವರು ಮಹಾಡದ ಚವದಾರ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಕೆರೆ ಸರಕಾರದ್ದು, ದನಗಳಿಗೂ ಬಿಟ್ಟದ್ದು. ಆ ಬೊಗಸೆ ನೀರಿಗೆ ಜನ ಬಡಿಗೆ ಹಿಡಿದು ಬಂದರು. ಮಿರಜ ನಾಡಿನ ಇರುಕುಡಿಯಲ್ಲಿ ಬುದ್ಧನನ್ನು ಕೆರೆಯ ದಂಡೆಯ ಮೇಲೆ ಕೂಡ್ರಿಸಿದ ಎಂಟು ನೂರು ವರ್ಷಗಳ ಮೇಲೆ ಹೀಗೆ ಆಯಿತು. 1956ರ ಅಕ್ಟೋಬರ 14ರಂದು ಅವರು ನಾಗಪುರದಲ್ಲಿ ಲಕ್ಷಗಟ್ಟಲೆ ಜನರೊಡನೆ ಬುದ್ಧನ ಮನೆಗೆ ಹೋದರು. ನಮ್ಮ ಸೀಮೆಯಲ್ಲಿ ಬುದ್ಧನ ಫೋಟೋ ಮತ್ತೆ ಗೋಡೆಗೆ ಬಂದದ್ದು ಆಮೇಲೆ. ಕೃಷ್ಣೆಯ ದಂಡೆಯಿಂದ ಯಾವಾಗಲೋ ಎದ್ದುಹೋದವನು ಹಿಂದಿರುಗಿ ಬಂದ. ಬಂದು ನೋಡಿದರೆ ಅಣ್ಣನ ಮನೆ ಒಂದು ಓಣಿಯಲ್ಲಿ, ತನ್ನ ಮನೆ ಊರ ಹೊರಗೆ!

ಎಲ್ಲರೂ ಬಾಗಿಲು ಹಾಕಿಕೊಳ್ಳಲಿಲ್ಲ. ಕುಂಭೋಜದ ಜೈನರ ಮನೆಯ ಭಾವುರಾವ ಪಾಟೀಲರು ಸಾತಾರೆಯ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂಡ್ರಿಸಿ ಉಣ್ಣಿಸಿದರು. ಅವರ ರಯತ ಶಿಕ್ಷಣ ಸಂಸ್ಥೆ 1919ರಲ್ಲಿ ಹುಟ್ಟಿತು. ಇನ್ನೊಬ್ಬರು ಗೋವೆಯ ಧರ್ಮಾನಂದ ಕೋಸಂಬಿಯವರು. ಪಾಳಿ ಕಲಿಯಲು ಬರಿಗೈಯಲ್ಲಿ ಮನೆ ಬಿಟ್ಟು ಸಿಂಹಳಕ್ಕೆ ಹೋದವರು, ಬೌದ್ಧ ಗ್ರಂಥಗಳ ದೊಡ್ಡ ಪಂಡಿತರು, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಗೆ ಹೋದವರು, ಮುಂಬಯಿಯ ಗಿರಣಿಗಳ ಪರಳದಲ್ಲಿ ಕಾಮಗಾರರಿಗಾಗಿ ಬಹುಜನ ವಿಹಾರ ಕಟ್ಟಿಸಿದವರು. ಈ ಬೌದ್ಧ ಪಂಡಿತರು ಕೊನೆಗೆ ಬರೆದ ಪುಸ್ತಕ ಯಾವದು ಗೊತ್ತೆ? ಪಾರ್ಶ್ವನಾಥನ ಚಾತುರ್ಯಾಮ ಧರ್ಮದ ಮೇಲೆ. ಕೊಲ್ಲಬಾರದು, ಸುಳ್ಳು ಬೇಡ, ಕಳವು ಬೇಡ, ಕೂಡಿಹಾಕಬಾರದು ಎಂಬ ಪಾರ್ಶ್ವನ ನಾಲ್ಕು ಮಾತುಗಳಿಂದ ಬುದ್ಧನ ದಾರಿಯೂ ಹೊರಟಿತೆಂದು ಅವರು ತೋರಿಸಿದರು. ಇಂದಿನ ಸಮಾಜವಾದ ಈ ನಾಲ್ಕನ್ನು ಬಿಟ್ಟರೆ ದಾರಿ ತಪ್ಪುತ್ತದೆ, ಈ ನಾಲ್ಕು ಸಮಾಜವಾದವನ್ನು ಬಿಟ್ಟರೆ ಬರಿಯ ಆಚಾರವಾಗುತ್ತವೆ ಎಂಬುದು ಅವರ ಪುಸ್ತಕದಿಂದ ನಾನು ಪಡೆದುಕೊಂಡ ತಿಳುವಳಿಕೆ. ಮೈ ಸೋತ ಮೇಲೆ, 1947ರ ಜೂನ 4ರಂದು, ಸೇವಾಗ್ರಾಮದಲ್ಲಿ ಈ ಬೌದ್ಧರು ಜೈನ ಮುನಿಗಳ ರೀತಿಯಲ್ಲಿ ಅನ್ನ ಬಿಟ್ಟು ಕಣ್ಣು ಮುಚ್ಚಿದರು.

ಹೊತ್ತಾಯಿತು, ನಾಳೆ ಬೆಳಗಿನ ಪಾಳಿಯವರು ಆಕಳಿಸುತ್ತಿದ್ದೀರಿ. ಒಂದು ಸೂಚನೆ ಹೇಳಿ ಕುಳಿತುಕೊಳ್ಳುತ್ತೇನೆ. ಮುಂದಿನ ಹುಣ್ಣಿಮೆಯ ಮರುದಿನ ಇಲ್ಲಿಂದ ಐಹೊಳೆಗೆ ಒಂದು ಬಸ್ಸು ಗೊತ್ತು ಮಾಡಬೇಕೆಂದಿದ್ದೇವೆ. ನಸುಕಿನಲ್ಲಿ ಹೊರಟು ಮೇಗುತಿ ಗುಡ್ಡ ಹತ್ತಿ ಕೆಳಗಿನ ಬುದ್ಧನನ್ನೂ ಮೇಲಿನ ಬಸದಿಯನ್ನೂ ನೋಡುವದು. ಚಿತ್ರಕ್ಕಾಗಿ ವಾದಿಸಿದ ಆ ಇಬ್ಬರು ಹುಡುಗರು ಈಗ ದೊಡ್ಡವರು, ಅವರಿಗೂ ಹೇಳಿ ಕಳಿಸಿದ್ದೇನೆ. ಅಡಿಗೆ ಗುಡ್ಡದ ಬುಡದಲ್ಲಿ, ಒಂದೇ ಒಲೆಯ ಮೇಲೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಹಾಕುವದಿಲ್ಲ, ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಮುಗಿಯುತ್ತದೆ. ಆದ್ದರಿಂದ ಬಸದಿಯ ಕಡೆಯವರು ಮನೆಯಿಂದ ಬೇರೆ ಬುತ್ತಿ ತರಬೇಕಾಗಿಲ್ಲ. ನೀರಿಗೆ ಎರಡು ಹಂಡೆ ಬೇಕಾಗುವದು ಜನ ಹೆಚ್ಚಾದರೆ ಮಾತ್ರ. ಬರುವವರು ಬಾಗಿಲಲ್ಲಿ ಕುಳಿತ ತಮ್ಮನ ಹತ್ತಿರ ಹೆಸರು ಬರೆಯಿಸಿರಿ.